ಹೊರಡದ ವ್ಯಾನು

ಕಂಪೆನಿ ಮುಳುಗಿದ ದಿನ ಅದರ ಹನ್ನೊಂದು ಬಸ್ಸುಗಳೂ ಈ ಕೊಲ್ಲಿ ದೇಶದ ಘಾಲಾದ ಯಾರ್ಡಿನಲ್ಲಿ ಸಾಲಾಗಿ ನಿಂತವು. ಮಾಲೀಕ ಅಲಿ ಎಲ್ಲರ ಪಾಸ್‌ಪೋರ್ಟನ್ನೂ ಹಿಂದಿರುಗಿಸಿ, "ಖಲಾಸ್, ಬೇರೆ ಕಡೆ ಸೇರಿಕೊಳ್ಳಿ" ಎಂದು ಬಿಡುಗಡೆ ಪತ್ರಗಳಿಗೆ ಸಹಿ ಹಾಕಿದ. ಪುಣ್ಯಾತ್ಮ! ಇದೇ ಬುದ್ಧಿ ಬ್ರೇಕು ರಿಪೇರಿಗೂ ಇದ್ದಿದ್ದರೆ ಕಂಪೆನಿಯೂ ಉಳಿಯುತ್ತಿತ್ತು, ಇಬ್ಬರ ಜೀವವೂ ಉಳಿಯುತ್ತಿತ್ತು. ಅಪಘಾತವಾದ ಮೇಲೆ ಒಂದೊಂದು ಬಸ್ಸನ್ನೂ ತಪಾಸಣೆಗೆ ಕಳಿಸಿದನಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ.

ಅಪಘಾತವಾದ ಬಸ್ಸು ಓಡಿಸುತ್ತಿದ್ದವರು ನನ್ನ ಗಂಡ ಗುರುವ. ಬೆಳಿಗ್ಗೆಯೇ "ಬ್ರೇಕು ಮೆತ್ತಗುಂಟು" ಎಂದಿದ್ದರು. ಸೂಪರ್‌ವೈಸರು "ಒಂದು ಟ್ರಿಪ್ ಅಷ್ಟೇ, ಯಲ್ಲಾ, ಹೊರಡು" ಎಂದ. ವಾದಿ ಅದಾಯ್ ಎಂಬ ಕಣಿವೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ, ಕೂಲಿಯವರು ತುಂಬಿದ್ದ ಬಸ್ಸು ಮಗುಚಿತು. ಚಾಲಕನ ತಪ್ಪಿಲ್ಲವೆಂದು ಪೊಲೀಸರೇ ಬರೆದುಕೊಟ್ಟರೂ ಇವರು ಒಪ್ಪಲಿಲ್ಲ.

"ಕೀಲಿಕೈ ನನ್ನ ಕೈಯಲ್ಲಿತ್ತು ವಿನೋದಾ. ಆಗುದಿಲ್ಲ ಅಂತ ವಾಪಸ್ ಕೊಡ್ಬಹುದಿತ್ತು" ಎನ್ನುತ್ತ ಎರಡು ತಿಂಗಳು ಗೋಡೆ ನೋಡುತ್ತ ಕೂತರು.

ನಾನು ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದೆ. ನನ್ನ ವೀಸಾ ನನ್ನದು. ಅವರಿಗೆ ಇನ್ನೊಂದು ತಿಂಗಳೊಳಗೆ ಹೊಸ ಕೆಲಸ ಸಿಗದಿದ್ದರೆ ಅವರೊಬ್ಬರೇ ಮಂಗಳೂರಿಗೆ ಹೋಗಬೇಕು. ಈ ಮನುಷ್ಯನನ್ನು ಆ ಸ್ಥಿತಿಯಲ್ಲಿ ಒಂಟಿಯಾಗಿ ಕಳಿಸುವುದೆಂದರೆ ನನಗೆ ಜೀವ ಹೋದಂತಾಗುತ್ತಿತ್ತು. ಅಷ್ಟರಲ್ಲಿ ಶಾಲಾ ಮಕ್ಕಳ ವ್ಯಾನು ಇಟ್ಟುಕೊಂಡಿದ್ದ ನಮ್ಮೂರಿನ ಮುಹಿಯುದ್ದೀನ್ ಚಾಲಕನಿಗಾಗಿ ಹುಡುಕುತ್ತಿದ್ದ. ಒಂದು ವಾರ ನೋಡಿ ಆಮೇಲೆ ವೀಸಾ ಎಂದ. ಇವರು ಸ್ಟೇರಿಂಗ್ ಮುಟ್ಟುವುದಿಲ್ಲವೆಂದರು. ನಾನು ಮೂರು ದಿನ ಮೀನು ಬೇಯಿಸಲಿಲ್ಲ. ನಾಲ್ಕನೇ ದಿನ ಒಪ್ಪಿದರು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಬೌಷರಿನ ನಮ್ಮ ಕಟ್ಟಡದ ಕೆಳಗೆ ಮಕ್ಕಳು ಕಾಯುತ್ತಿದ್ದರು. ಇವರು ಓಡಿ ಹೋಗದಂತೆ ಕಾವಲಿಗೆ ನಾನೂ ಇಳಿದಿದ್ದೆ. ಮಕ್ಕಳನ್ನು ಹತ್ತಿಸಿಕೊಂಡ ವ್ಯಾನು ಹತ್ತು ಮಾರು ಚಲಿಸಿ ನಿಂತಿತು. ಅವರು ಬ್ರೇಕ್ ಪೆಡಲ್ ಒತ್ತಿದರು, ಮತ್ತೆ ಒತ್ತಿದರು. ಇಳಿದು, ಇಸ್ತ್ರಿ ಹಾಕಿದ ಶರ್ಟಿನಲ್ಲೇ ವ್ಯಾನಿನಡಿ ಮಲಗಿ ನೋಡಿ ಎದ್ದರು.

"ಇದು ಹೋಗುದಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಹೆದರಿಕೆಗೆ ಬ್ರೇಕಿನ ನೆಪ ಹೇಳ್ಬೇಡಿ!"

ನಮ್ಮ ಕಟ್ಟಡದವಳೇ ಆದ ಮೈಸೂರಿನ ರತ್ನಪ್ರಭಾ ವ್ಯಾನಿನ ಕಿಟಕಿಯಲ್ಲಿ ತನ್ನ ಮಗನ ಕೈ ಹಿಡಿದು, "ಏನ್ರೀ ಇದು, ಇವತ್ತು ಪರೀಕ್ಷೆ ಇದೆ. ನಿಧಾನಕ್ಕೆ ಹೋದ್ರಾಯ್ತಪ್ಪ" ಎಂದಳು.

"ಹೌದಲ್ಲ," ಎಂದೆ ನಾನು, "ಒಂದು ಟ್ರಿಪ್ ಅಷ್ಟೇ ಅಲ್ವಾ?"

ಅವರು ನನ್ನನ್ನು ನೋಡಿದರು. ಸೂಪರ್‌ವೈಸರನ ಮಾತು ನನ್ನ ಬಾಯಿಂದಲೇ ಬಂದಿತ್ತು. ಇಳಿಜಾರಿನಲ್ಲಿ ಸತ್ತ ಇಬ್ಬರೂ ಎದುರು ನಿಂತು ಕೇಳಿಸಿಕೊಂಡಂತೆ ನಾಚಿಕೆಯಾಯಿತು. ಅವರು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸಿದರು. ನಾನು ಬ್ಯಾಗುಗಳನ್ನು ಇಳಿಸಿದೆ.

ಫೋನು ಹೋದ ಅರ್ಧ ಗಂಟೆಗೆ ಮುಹಿಯುದ್ದೀನ್ ಕೂಗಾಡುತ್ತಲೇ ಬಂದ. "ಎಂತ ಗುರುವಣ್ಣ, ಮೊದಲ್ನೇ ದಿನವೇ ನನ್ನ ಮರ್ಯಾದೆ ತೆಗೀತೀರಾ?"

"ಬೇರೆಯವರನ್ನು ನೋಡಿ ಬೇಕಾದ್ರೆ. ಇದನ್ನು ನಾನು ತೆಗೆಯುದಿಲ್ಲ, ತೆಗೀಲಿಕ್ಕೆ ಬಿಡುದೂ ಇಲ್ಲ."

ಮುಗಿಯಿತು, ಇನ್ನು ಊರಿನ ಟಿಕೆಟ್ಟೇ ಎಂದುಕೊಂಡೆ. ಮುಹಿಯುದ್ದೀನ್ ಪೆಡಲ್ ಒತ್ತಿ ನೋಡಿದ. ತಾನೂ ವ್ಯಾನಿನಡಿ ಕೈ ಹಾಕಿ ತೆಗೆದಾಗ ಬೆರಳು ಬ್ರೇಕ್ ಆಯಿಲಿನಿಂದ ಒದ್ದೆಯಾಗಿತ್ತು. ಅವನ ಮಕ್ಕಳಿಬ್ಬರೂ ಇದೇ ವ್ಯಾನಿನಲ್ಲಿ ಹೋಗುವವರು. ರಸ್ತೆಗೆ ಓಡಿ, ನಾಲ್ಕು ಟ್ಯಾಕ್ಸಿ ನಿಲ್ಲಿಸಿ ಮಕ್ಕಳನ್ನು ಕಳಿಸಿ ಬಂದ.

"ಪಾಸ್‌ಪೋರ್ಟ್ ಕೊಡಿ ಗುರುವಣ್ಣ. ವೀಸಾಕ್ಕೆ ಇವತ್ತೇ ಹಾಕುವ."

"ನಾನು ಇನ್ನೂ ಓಡಿಸಿಯೇ ಇಲ್ಲ ಮಾರಾಯ."

"ಗೊತ್ತುಂಟು. ಕೊಡಿ."

ನಾನು ತಪ್ಪೊಪ್ಪಿಕೊಳ್ಳುವ ಜಾತಿಯ ಹೆಂಗಸಲ್ಲ. ಆದರೂ ರತ್ನಪ್ರಭಾಳ ಎದುರೇ, "ತಪ್ಪು ನನ್ನದು" ಎಂದೆ.

ಅವರು ಶರ್ಟಿನ ಮಣ್ಣು ಕೊಡವಿಕೊಂಡರು. "ಬೇಗ ಚಾ ಇಡು ಮಾರಾಯ್ತಿ. ಗ್ಯಾರೇಜಿಗೆ ಹೋಗ್ಲಿಕ್ಕುಂಟು. ನಾಳೆ ಆರು ಗಂಟೆಗೆ ನಾನು ವ್ಯಾನು ತೆಗೀಬೇಕಲ್ಲ?"

ಎರಡು ತಿಂಗಳಿಂದ ಅವರ ಬಾಯಲ್ಲಿ ನಾಳೆ ಎಂಬ ಮಾತು ನಾನು ಕೇಳಿರಲಿಲ್ಲ. ಮೆಟ್ಟಿಲು ಹತ್ತುತ್ತಾ ಅಳುತ್ತಿದ್ದೆ. ಎಣಿಕೆ ತಪ್ಪಿ, ಎರಡು ಲೋಟ ಚಹಾಕ್ಕೆ ಐದು ಚಮಚ ಸಕ್ಕರೆ ಹಾಕಿದೆ.