ದೇವರಾಜಣ್ಣನ ದಾರ, ಕಾರಿನ ಚಕ್ರ

ಗುಡ್ಡೆಹೊಸೂರಿನ ಹತ್ತಿರ ದೇವರಾಜಣ್ಣನ ಶುಂಠಿ ಹೊಲ ಇದೆ. ದಾರ ಕಟ್ಟಿ ಶುಂಠಿ ಬೆಡ್, ಅಂದರೆ ನೆಟ್ಟನೆಯ ಏರುಮಡಿ, ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಎಲ್ಲಿ ಸೊಟ್ಟ ಇದೆ ಅಂತ ಹೇಳಿಬಿಡುತ್ತಾರೆ. ಆ ಕಣ್ಣಿನ ಮೇಲೆ ಅವರಿಗೆ ಸ್ವಲ್ಪ ಜಾಸ್ತಿಯೇ ನಂಬಿಕೆ.

ಯುಗಾದಿ ಹೊತ್ತಿಗೆ ಅವರ ಕಾರು ಗುಂಡಿಗೆ ಬಿತ್ತು. ಅಂದಿನಿಂದ ಎಡಕ್ಕೆ ಎಳೆಯತೊಡಗಿತು. ಕುಶಾಲನಗರಕ್ಕೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿ ಅಂತ ಹೆಂಡತಿ ರಾಮಮ್ಮ ಹೇಳಿದರು.

"ಇಷ್ಟಕ್ಕೆಲ್ಲ ಮಿಷನ್ ಯಾಕೆ? ನನ್ನ ದಾರ ಇಲ್ವಾ?"

ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಶುಂಠಿ ಬೆಡ್ಡಿನ ದಾರ ಎಳೆದರು. ಮುಂದಿನ ಚಕ್ರಗಳು ದಾರಕ್ಕೆ ಸರಿಯಾಗಿ ನಿಲ್ಲುವ ಹಾಗೆ ಸ್ಪ್ಯಾನರ್ ಹಿಡಿದು ತಿರುಗಿಸಿದರು. ಕಾರು ನೆಟ್ಟಗೆ ಓಡಿತು. ಆಮೇಲೆ ಮೂರು ತಿಂಗಳು, ಮನೆಗೆ ಯಾರೇ ಬಂದರೂ ಕಾಫಿಯ ಜೊತೆ ಈ ದಾರದ ಕಥೆಯನ್ನೂ ಕುಡಿದೇ ಹೋಗಬೇಕಾಯಿತು.

ಮಗಳು ಕಾವ್ಯಶ್ರೀಯ ಗಂಡನ ಮನೆ ಶ್ರೀಮಂಗಲದಲ್ಲಿ. ಸೀಮಂತ ಮುಗಿದಿತ್ತು, ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ತಾನೇ ಬಿಟ್ಟು ಬರುತ್ತೇನೆ ಅಂತ ಅಳಿಯ ಎಷ್ಟು ಹೇಳಿದರೂ ದೇವರಾಜಣ್ಣ ಕೇಳಲಿಲ್ಲ. ಮಗಳು ತನ್ನ ಕಾರಲ್ಲೇ ಬರಬೇಕು ಅಂತ ಆಸೆ. ಹೊರಡುವ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಗಾಳಿ ಹಾಕಿಸಲು ಕುಶಾಲನಗರದ ಟೈರ್ ಅಂಗಡಿಗೆ ಹೋದರು.

ಅಲ್ಲಿ ಅಲೈನ್‌ಮೆಂಟ್ ಮಿಷನ್ ನೋಡಿಕೊಳ್ಳುವವಳು ಶೋಭಿತಾ. ಐಟಿಐ ಓದಿದ ಹುಡುಗಿ, ಕಾವ್ಯಶ್ರೀಯ ಶಾಲೆಯ ಗೆಳತಿ. ಗಾಳಿ ಹಾಕುತ್ತಾ ಬಗ್ಗಿದವಳು ಹಾಗೇ ನಿಂತಳು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಕರೆದಳು.

"ಮಾವ, ಇಲ್ಲಿ ಒಳಗಡೆ ಕೈ ಇಟ್ಟು ನೋಡಿ. ಮೆಲ್ಲಗೆ."

ಎಡ ಟೈರಿನ ಹೊರ ಅಂಚಿನಲ್ಲಿ ಗೆರೆಗಳು ಚೆನ್ನಾಗಿದ್ದವು. ಒಳ ಅಂಚು ನುಣ್ಣಗಾಗಿತ್ತು. ಒಂದು ಕಡೆ ರಬ್ಬರ್ ಸವೆದು, ಟೈರಿನೊಳಗಿನ ತಂತಿ ದೇವರಾಜಣ್ಣನ ಬೆರಳಿಗೆ ಚುಚ್ಚಿತು.

"ಸ್ಟೇರಿಂಗ್ ನೆಟ್ಟಗೈತಲ್ಲ ಕಣವ್ವ. ನಾನೇ ದಾರ ಹಿಡಿದು ಮಾಡಿದ್ದು."

ಶೋಭಿತಾ ನಗಲಿಲ್ಲ. "ನಿಮ್ಮ ದಾರ ನೆಟ್ಟಗೇ ಇತ್ತು ಮಾವ. ಆದ್ರೆ ಈ ಕಾರಿನ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಸ್ವಲ್ಪ ಅಗಲವಾಗಿ ನಿಲ್ತವೆ. ಹಿಂದಿಂದ ಎಳೆದ ದಾರ ಮುಂದೆ ಹೋಗ್ತಾ ಹೊರಕ್ಕೆ ಹೋಗ್ತದೆ. ಚಕ್ರಗಳೂ ಅದರ ಜೊತೆ ಹೊರಕ್ಕೆ ತಿರುಗಿವೆ. ಎರಡೂ ಒಂದೇ ಸಮ ತಿರುಗಿವೆ, ಅದಕ್ಕೇ ಕಾರು ಎಳೀತಿಲ್ಲ, ನಿಮಗೂ ಗೊತ್ತಾಗ್ಲಿಲ್ಲ. ಮೂರು ತಿಂಗಳು ಟೈರು ರಸ್ತೆಗೆ ಉಜ್ಜಿಕೊಂಡೇ ಓಡಿದೆ. ತಂತಿ ಕಂಡ ಟೈರು ಓಡ್ತಾ ಓಡ್ತಾನೇ ಒಡೆದುಬಿಡಬಹುದು."

"ಹಂಗಾದ್ರೆ ಎಷ್ಟಿರಬೇಕು?"

"ಒಂದೊಂದು ಕಾರಿಗೆ ಒಂದೊಂದು ಅಳತೆ. ಚಕ್ರದ ಮುಂಭಾಗ ಎಷ್ಟು ಒಳಕ್ಕೆ, ಹೊರಕ್ಕೆ ತಿರುಗಿರಬೇಕು ಅನ್ನೋದು ಟೋ. ಮೇಲ್ಭಾಗ ಎಷ್ಟು ವಾಲಿರಬೇಕು ಅನ್ನೋದು ಕ್ಯಾಂಬರ್. ಕಾರು ಮಾಡಿದವರೇ ಅಳತೆ ಕೊಟ್ಟಿರ್ತಾರೆ. ಟೋ ಅಂತೂ ಒಂದು ಡಿಗ್ರಿಯಲ್ಲಿ ಕಾಲು ಭಾಗನೂ ಇರಲ್ಲ. ಕಣ್ಣಿಗೆ ಸಿಗೋದಲ್ಲ."

"ಇಪ್ಪತ್ತು ವರ್ಷದಿಂದ ಬೆಡ್ ಮಾಡ್ತಿರೋ ಕಣ್ಣು ಕಣವ್ವ ಇದು."

"ಶುಂಠಿ ನೆಟ್ಟ ಕಡೆನೇ ಇರ್ತದಲ್ಲ ಮಾವ. ಇದು ಓಡಬೇಕು."

ರಾಮಮ್ಮ ಆ ಎಡ ಟೈರನ್ನೇ ನೋಡುತ್ತಿದ್ದರು. "ಕಾವ್ಯ ಕೂರೋದು ಇದೇ ಕಡೆ, ಮುಂದಿನ ಸೀಟಲ್ಲಿ. ಹಿಂದೆ ಕೂತ್ರೆ ಅವಳಿಗೆ ವಾಂತಿ ಬರ್ತದೆ," ಅಂದರು.

ದೇವರಾಜಣ್ಣ ತಂತಿ ಚುಚ್ಚಿದ ಬೆರಳನ್ನು ಉಜ್ಜಿಕೊಂಡರು. ಅವರ ಮುಖ ನೋಡಿ ರಾಮಮ್ಮನಿಗೇ ಪಾಪ ಅನ್ನಿಸಿತು.

"ಮುಂದಿನ ಎರಡೂ ಟೈರ್ ಬದಲಾಯಿಸವ್ವ," ಅಂದರು ದೇವರಾಜಣ್ಣ ಕೊನೆಗೆ. "ಆಮೇಲೆ ನಿನ್ನ ಮಿಷನ್ನಿಗೆ ಹತ್ತಿಸು."

ಶೋಭಿತಾ ಹೊಸ ಟೈರ್ ಹಾಕಿ, ಗಾಳಿ ಸರಿ ಮಾಡಿ, ಚಕ್ರ ಅಲ್ಲಾಡಿಸಿ ಸಡಿಲ ಇದೆಯಾ ನೋಡಿ, ಆಮೇಲೆ ಅಲೈನ್‌ಮೆಂಟ್ ಮಾಡಿದಳು. ಪರದೆಯ ಮೇಲಿನ ಕೆಂಪು ಅಂಕಿಗಳು ಒಂದೊಂದಾಗಿ ಹಸಿರಾದವು. ಅದರ ಪ್ರಿಂಟನ್ನು ದೇವರಾಜಣ್ಣ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡರು.

ಮರುದಿನ ಶ್ರೀಮಂಗಲದಿಂದ ಬರುವಾಗ ಅಮ್ಮತ್ತಿಯಲ್ಲಿ ಜೋರು ಮಳೆ. ತಿರುವಿನಲ್ಲೆಲ್ಲ ಕಾರು ಹೇಳಿದ ಮಾತು ಕೇಳಿತು. ಕಾವ್ಯಶ್ರೀ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿದ್ದೆ ಹೋಗಿದ್ದಳು. ಎದ್ದ ಮೇಲೆ ಕೇಳಿದಳು, "ಅಪ್ಪ, ಇವತ್ತು ದಾರದ ಕಥೆ ಹೇಳ್ಲೇ ಇಲ್ವಲ್ಲ?"

"ದಾರ ಹೊಲದಲ್ಲೈತೆ ಮಗಳೇ," ಅಂದರು ದೇವರಾಜಣ್ಣ. "ಅದರ ಕೆಲಸ ಅಲ್ಲೇ."

ಕಾರಿರುವ ಅಣ್ಣಂದಿರೇ, ಅಕ್ಕಂದಿರೇ, ಕಾರು ನೆಟ್ಟಗೆ ಓಡುತ್ತಿದೆ ಅಂತ ಸುಮ್ಮನಿರಬೇಡಿ. ಗುಂಡಿಗೆ ಜೋರಾಗಿ ಬಿದ್ದರೆ, ಟೈರ್ ಬದಲಾಯಿಸಿದರೆ ಅಲೈನ್‌ಮೆಂಟ್ ನೋಡಿಸಿ. ಇಲ್ಲದಿದ್ದರೂ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರಿಗೊಮ್ಮೆ ಮಾಡಿಸಿ. ಮಿಷನ್ನಿನಲ್ಲಿ ನಿಮ್ಮ ಕಾರಿನ ಮಾಡೆಲ್ಲೇ ಹಾಕಿದ್ದಾರಾ ನೋಡಿ, ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ ಅನ್ನುವ ಪ್ರಿಂಟ್ ಕೇಳಿ ಪಡೆಯಿರಿ. ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಕಾರು ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟೈರಿನ ಒಳ ಅಂಚನ್ನು ಮೆಲ್ಲಗೆ ಮುಟ್ಟಿ ನೋಡಿ. ನಾಳೆ ಆ ಚಕ್ರದ ಮೇಲಿನ ಸೀಟಿನಲ್ಲಿ ಕೂರುವವರು ನಿಮ್ಮವರೇ.