ಬಾಗದ ಪಟ್ಟಿಯ ಸರ್ಟಿಫಿಕೇಟು

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಉಪ್ಪಣ್ಣ ಎಂದೇ ಕರೆಯುತ್ತಿದ್ದರು. ಉಪ್ಪುನೀರಿನ ಮಂಜು ತುಂಬಿದ ಪೆಟ್ಟಿಗೆಯಲ್ಲಿ ಉಕ್ಕಿನ ಸಾಮಾನಿಟ್ಟು, ಅದಕ್ಕೆ ಯಾವಾಗ ತುಕ್ಕು ಹಿಡಿಯುತ್ತದೆ ಎಂದು ಕಾಯುವುದು ಅವನ ಉದ್ಯೋಗ. ಅಂಥ ಉದ್ಯೋಗ ಸಿಗಬೇಕಾದರೆ ಮಾಲೀಕರು ಅಕ್ಕನ ಗಂಡನಾಗಿರಬೇಕು. ಆಗಿದ್ದರು.

ಅಲ್ಲಿ ತಯಾರಾಗುತ್ತಿದ್ದದ್ದು ಸೆಂಟ್ರಲೈಸರ್: ಮೇಲೊಂದು ಬಳೆ, ಕೆಳಗೊಂದು ಬಳೆ, ನಡುವೆ ಹೊರಕ್ಕೆ ಉಬ್ಬಿದ ಆರು ಉಕ್ಕಿನ ಪಟ್ಟಿ. ಆಳದ ಕೊಳವೆಬಾವಿಗೆ ಇಳಿಸುವ ಕೇಸಿಂಗ್ ಪೈಪಿಗೆ ಇದನ್ನು ತೊಡಿಸುತ್ತಾರೆ. ಪೈಪು ಒಂದು ಮಗ್ಗುಲಿಗೆ ಒರಗದೆ ನಟ್ಟನಡುವೆ ನಿಲ್ಲುತ್ತದೆ, ಸುತ್ತಲೂ ಸಿಮೆಂಟು ಸರಿಯಾಗಿ ತುಂಬಿಕೊಳ್ಳುತ್ತದೆ. ಪಟ್ಟಿಗಳನ್ನು ತುಕ್ಕು ತಿಂದರೆ ಸಿಮೆಂಟಿನಲ್ಲಿ ಸಂದು ಬಿದ್ದು, ತಳದ ಉಪ್ಪುನೀರು ಮೇಲಿನ ಸಿಹಿನೀರಿಗೆ ಹತ್ತುತ್ತದೆ. ಈ ಸಲದ ಮಾಲು ಒಂದಿಡೀ ಊರಿನ ಕುಡಿಯುವ ನೀರಿನ ಬಾವಿಗಳಿಗೆ.

ಭಾವ ಹಚ್ಚಿಸಿದ ಹೊಸ ಹಸಿರು ಲೇಪನ ಪೆಟ್ಟಿಗೆಯೊಳಗೆ ನಲವತ್ತು ದಿನ ಕೂತರೂ ಜಗ್ಗಲಿಲ್ಲ. ಭಾವ ಆ ಸೆಂಟ್ರಲೈಸರನ್ನು ಗಾಜಿನ ಬೀರುವಿನಲ್ಲಿಟ್ಟು ಮೇಲೆ ದೀಪ ಹಾಕಿಸಿದರು. ಮದುವೆಯಲ್ಲಿ ಅಕ್ಕನಿಗೂ ಅಷ್ಟು ಬೆಳಕು ಸಿಕ್ಕಿರಲಿಲ್ಲ.

ಉಪ್ಪಣ್ಣನ ತಲೆಗೆ ಮಾತ್ರ ಹುಳ ಹೊಕ್ಕಿತು. ಬಾವಿಗೆ ಇಳಿಯುವಾಗ ಈ ಪಟ್ಟಿಗಳು ಕುಗ್ಗಿ ಹಿಗ್ಗುತ್ತವೆ. ಪರೀಕ್ಷೆಗೆ ಇಟ್ಟಿದ್ದೋ, ಮೈ ಬಗ್ಗಿಸಿ ಒಂದು ದಿನವೂ ಕೆಲಸ ಮಾಡದ ಮಹಾನುಭಾವ! ಇನ್ನೊಂದನ್ನು ಪ್ರೆಸ್ಸಿನಲ್ಲಿ ಒತ್ತಿ ಬಿಟ್ಟ. ಹಸಿರು ಬಣ್ಣ ಚೆಕ್ಕೆ ಚೆಕ್ಕೆಯಾಗಿ ಉದುರಿತು. ಪೆಟ್ಟಿಗೆಯಲ್ಲಿಟ್ಟ ಮೂರೇ ದಿನಕ್ಕೆ ಪಟ್ಟಿ ಕೆಂಪಗಾಯಿತು.

“ಭಾವ, ಒತ್ತಿದ್ರೆ ಲೇಪನ ಕಿತ್ತು ಬರ್ತಿದೆ.”

“ಒತ್ತು ಅಂತ ನಿನಗೆ ಯಾರಪ್ಪಾ ಹೇಳಿದ್ದು? ಚೆನ್ನಾಗಿದ್ದಿದ್ದನ್ನ ನೀನೇ ಹಾಳು ಮಾಡಿ, ಹಾಳಾಯ್ತು ಅಂತೀಯಲ್ಲ! ನಿಯಮದಲ್ಲಿ ಹೊಸ ಮಾಲು ಪರೀಕ್ಷೆ ಮಾಡಿ ಅಂತಿದೆ. ನಾಳೆ ಖರೀದಿಯವರು ಬರ್ತಾರೆ. ಸಹಿ ಹಾಕು, ಇಲ್ಲಾಂದ್ರೆ ಬೇರೆ ಕಡೆ ಕೆಲಸ ಹುಡುಕ್ಕೋ.”

ಉಪ್ಪಣ್ಣ ಭಾರಿ ಬುದ್ಧಿವಂತ. ಸರ್ಟಿಫಿಕೇಟಿಗೆ ಸಹಿ ಹಾಕಿದ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ: ‘ಬಾವಿಗೆ ಇಳಿಸದಿದ್ದರೆ ಈ ಮಾಲಿಗೆ ತುಕ್ಕು ಹಿಡಿಯುವುದಿಲ್ಲ.’ ಖರೀದಿಯವರು ಓದುತ್ತಾರೆ, ಅವರೇ ಗಲಾಟೆ ಎಬ್ಬಿಸುತ್ತಾರೆ, ತಾನು ಬಾಯಿ ಬಿಡಬೇಕಾಗಿಯೇ ಇಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು ಆರಾಮವಾಗಿ ಮನೆಗೆ ಹೋದ.

ಮರುದಿನ ಭಾವ ಓದದೆಯೇ ಮುದ್ರೆ ಒತ್ತಿದರು. ಖರೀದಿಯ ಎಂಜಿನಿಯರು ಗಂಭೀರವಾಗಿ ಕನ್ನಡಕ ಏರಿಸಿಕೊಂಡರು. ಉಪ್ಪಣ್ಣ ಕತ್ತು ಚಾಚಿ ನೋಡಿದ. ಅವರು ಹಾಳೆಗಳನ್ನು ಎಣಿಸಿ, “ಎಲ್ಲಾ ಸರಿಯಾಗಿದೆ” ಎಂದು ಸಹಿ ಜಡಿದರು. ಆಮೇಲೆ ಗಾಜಿನ ಬೀರುವಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಮಾಲು ತುಂಬಿದ ಲಾರಿ ಗುರುಗುಟ್ಟಿತು. ರವಾನೆ ನೋಡಿಕೊಳ್ಳುತ್ತಿದ್ದ ಅಕ್ಕ ಗೇಟು ತೆರೆದಳು. ಯಾರದೋ ಮನೆಯ ಕುಡಿಯುವ ನೀರು ತನ್ನ ಸಹಿಯಿಂದ ಕೆಡಲಿದೆ ಎಂದು ಉಪ್ಪಣ್ಣನಿಗೆ ಭಯವಾಯಿತು. ಎದ್ದನೋ ಬಿದ್ದನೋ ಎಂದು ಓಡಿದ.

“ಅಕ್ಕಾ, ಗೇಟ್ ಹಾಕು! ಬಾವಿಗಿಳಿಸೋವಾಗ್ಲೇ ಲೇಪನ ಉದುರಿ ಹೋಗುತ್ತೆ. ಜನ ಕುಡಿಯೋ ನೀರು ಕೆಡುತ್ತೆ! ನಾನು ಬರೆದಿದ್ದೀನಿ, ಯಾರೂ ಓದ್ಲೇ ಇಲ್ಲ!”

ಭಾವ ಕೂಗಾಡುತ್ತ ಬಂದರು. ಎಂಜಿನಿಯರು ಸರ್ಟಿಫಿಕೇಟನ್ನು ಮೊದಲ ಸಲ ಓದತೊಡಗಿದರು. ಅಕ್ಕ ಗಂಡನ ಮುಖ ನೋಡಿದಳು, ಗೇಟು ಎಳೆದಳು, ಬೀಗ ಹಾಕಿದಳು. ಉಪ್ಪಣ್ಣ ಶಹಬ್ಬಾಸ್‌ಗಿರಿಗೆ ಕಾಯುತ್ತ ನಿಂತ.

“ಬರೆದನಂತೆ, ಬರೆದ!” ಎಂದಳು ಅಕ್ಕ. “ನಿನ್ನೆ ಇಡೀ ದಿನ ನನ್ನ ಕಣ್ಣೆದುರಿಗೇ ಓಡಾಡ್ಕೊಂಡಿದ್ಯಲ್ಲೋ, ಬಾಯಿಗೇನಾಗಿತ್ತು?”