ಅವ್ವನೊಟ್ಟಿಗೆ ನೋಡಿದ ಸಿನಿಮಾ

ಪೂವಮ್ಮ ಹಾಸಿಗೆ ಹಿಡಿದ ವರ್ಷ ಗುತ್ತಿಗಾರಿನ ಅವಳ ಮನೆಗೆ ವಿಸಿಆರ್ ಬಂತು. ಗಂಡ ವೆಂಕಪ್ಪ ಸುಬ್ರಹ್ಮಣ್ಯಕ್ಕೆ ಜನ ಒಯ್ಯುವ ಸರ್ವಿಸ್ ಜೀಪು ಓಡಿಸುತ್ತಿದ್ದ. ಹೆಂಡತಿಯ ಎರಡೂ ಕಿಡ್ನಿ ಹೋಗಿದೆ, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳಿಗೆ ತಿಳಿಸಲು ಅವನಿಗೆ ಬಾಯಿ ಬರಲಿಲ್ಲ. ಅವಳಿಗೆ ಹೊತ್ತು ಹೋಗಲೆಂದು ಸುಳ್ಯದಿಂದ ಬಾಡಿಗೆ ಕ್ಯಾಸೆಟ್ಟು ತಂದುಕೊಟ್ಟು ಮತ್ತೆ ಜೀಪು ಹತ್ತುತ್ತಿದ್ದ.

ಕ್ಯಾಸೆಟ್ಟುಗಳು ಹೆಚ್ಚಿನವು ಹಿಂದಿಯವು. ಪೂವಮ್ಮನಿಗೆ ಹಿಂದಿ ಬಾರದು. ಏಳನೇ ತರಗತಿಯ ಮಗಳು ಸುಪ್ರಿತಾ ಅವ್ವನ ಕಾಲ ಬಳಿ ಕೂತು ತನಗೆ ತಿಳಿದಷ್ಟನ್ನು ಹೇಳುತ್ತಿದ್ದಳು, ತಿಳಿಯದ್ದನ್ನು ಕಟ್ಟಿ ಹೇಳುತ್ತಿದ್ದಳು. ಡಾಕ್ಟರ ಮಾತು ಅವಳ ಕಿವಿಗೂ ಬಿದ್ದಿತ್ತು. ಹಾಗಾಗಿ ಸಿನಿಮಾದಲ್ಲಿ ಕಾಯಿಲೆಯವರು ಬಂದರೆ ಅವಳು ಕಟ್ಟಿ ಹೇಳುವುದೇ ಹೆಚ್ಚಾಗುತ್ತಿತ್ತು.

ಒಂದು ಮಧ್ಯಾಹ್ನ ಅಂಥದ್ದೇ ಬಂತು. ಪರದೆಯ ಡಾಕ್ಟರ ಕನ್ನಡಕ ತೆಗೆದು, ಹಾಸಿಗೆಯಲ್ಲಿದ್ದ ಹೆಂಗಸಿನ ಗಂಡನ ಹತ್ತಿರ ಉದ್ದಕ್ಕೆ ಮಾತಾಡಿದ.

"ಎಂತ ಹೇಳಿದ್ದು ಅವ?"

"ಬೇಗ ಹುಷಾರಾಗ್ತಾಳಂತೆ ಅವ್ವ."

ಪೂವಮ್ಮ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಹುಷಾರಾಗುದಾದ್ರೆ ಅವಳ ಗಂಡ ಯಾಕೆ ಅವಳ ಮುಖ ನೋಡುದಿಲ್ಲ? ನಿನ್ನ ಅಪ್ಪನೂ ಹಾಗೆಯೇ ಅಲ್ವಾ?"

ಸುಪ್ರಿತಾಳಿಗೆ ಅಳು ಒತ್ತಿ ಬಂತು. ಅವ್ವ ಅವಳ ತಲೆಯ ಮೇಲೆ ಕೈಯಿಟ್ಟಳು. "ನನಗೆ ಗೊತ್ತುಂಟು ಕೂಸೇ. ಅಪ್ಪನಿಗೆ ಹೇಳ್ಬೇಡ, ಪಾಪ. ಇನ್ನು ಮಾತು ಬೇಡ, ಬರೇ ನೋಡುವ."

ಅಲ್ಲಿಂದ ಮುಂದೆ ಇಬ್ಬರೂ ಶಬ್ದ ತಗ್ಗಿಸಿ, ಮುಖಗಳನ್ನಷ್ಟೇ ನೋಡಿದರು. ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರು ಹೆದರಿದ್ದಾರೆ ಎಂದು ಅವ್ವ ಬೆರಳು ತೋರಿಸುತ್ತಿದ್ದಳು. ಸುಪ್ರಿತಾಳಿಗೆ ಸಿನಿಮಾದ ಹುಚ್ಚು ಹಿಡಿದದ್ದು ಹೀಗೆ. ಮಳೆಗಾಲ ಮುಗಿಯುವ ಮೊದಲೇ ಪೂವಮ್ಮ ತೀರಿಕೊಂಡಳು. ಉತ್ತರಕ್ರಿಯೆಯ ಬೊಜ್ಜ ಕಳೆದ ಮರುದಿನ ವೆಂಕಪ್ಪ ವಿಸಿಆರ್ ಅನ್ನು ಯಾರಿಗೋ ಕೊಟ್ಟುಬಿಟ್ಟ. ಆಮೇಲೆ ಎಷ್ಟೋ ವರ್ಷ ಅವನು ಸಿನಿಮಾದ ಎದುರು ಕೂರಲೇ ಇಲ್ಲ.

ಮಗಳು ಮಾತ್ರ ಬಿಡಲಿಲ್ಲ. ಪುತ್ತೂರಿನಲ್ಲಿ ಕಾಲೇಜಿಗಿಂತ ಹೆಚ್ಚು ಟಾಕೀಸಿನಲ್ಲಿದ್ದಳು. ಮದುವೆ ವಿಡಿಯೋಗಳ ಎಡಿಟಿಂಗ್ ಮಾಡಿ ಹೊಟ್ಟೆ ಹೊರೆದಳು, ಮದುವೆಯಾಗಲಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ತಾನೇ ಬರೆದು ಒಂದು ಸಣ್ಣ ಸಿನಿಮಾ ಮಾಡಿದಳು. ಕಳೆದ ವರ್ಷ ಸುಳ್ಯದ ಒಂದು ಸಭಾಭವನದಲ್ಲಿ ಅದನ್ನು ತೋರಿಸಿದಾಗ ಮುದುಕ ವೆಂಕಪ್ಪ ಬಿಳಿ ಶರ್ಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತ.

ಸಿನಿಮಾದ ನಡುವೆ, ಹಾಸಿಗೆ ಹಿಡಿದ ಹೆಂಗಸು ಮಗಳಿಗೆ "ನನಗೆ ಗೊತ್ತುಂಟು" ಅನ್ನುತ್ತಿದ್ದಂತೆ ಅವನು ಎದ್ದು ಹೊರಗೆ ನಡೆದ. ಸುಪ್ರಿತಾ ಹಿಂದೆಯೇ ಓಡಿದಳು. ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು ಅಪ್ಪ. ನಿಮಗೆ ಹೇಳ್ಬೇಡ ಅಂದಿದ್ಳು."

"ಅವಳಿಗೆ ಗೊತ್ತಿಲ್ಲ ಅಂತ ಎಣಿಸಿ ನಾನು ಅವಳ ಹತ್ತಿರ ಕೂತುಕೊಳ್ಳಲೇ ಇಲ್ವಲ್ಲ ಮಗಾ. ಕೂತ್ರೆ ಅತ್ತುಬಿಡ್ತೇನೆ ಅಂತ ಹೆದರಿಕೆ. ಒಂದು ಮಾತೂ ಆಡ್ಲಿಲ್ಲ."

ಅವಳು ಅಪ್ಪನ ಪಕ್ಕದಲ್ಲಿ ಕೂತಳು. ಒಳಗೆ ಸಿನಿಮಾ ಮುಗಿದು ಜನ ಚಪ್ಪಾಳೆ ತಟ್ಟಿದರು. ಯಾರೋ ಬಂದು ವೇದಿಕೆಗೆ ಕರೆದರೂ ಅವಳು ಹೋಗದೆ ಅಪ್ಪನನ್ನು ಕಾರಿನಲ್ಲಿ ಕೂರಿಸಿದಳು.

ಊರು ಹತ್ತಿರವಾದಾಗ ವೆಂಕಪ್ಪ ಕೇಳಿದ: "ಮತ್ತೆ ನಿನ್ನ ಸಿನಿಮಾದ ಆ ಗಂಡ? ಕೊನೆಗಾದ್ರೂ ಬಂದು ಅವಳ ಹತ್ತಿರ ಕೂರ್ತಾನಾ?"

ಸುಪ್ರಿತಾ ರಸ್ತೆಯನ್ನೇ ನೋಡುತ್ತಿದ್ದಳು.

"ಇಲ್ಲ ಅಪ್ಪ," ಅಂದಳು.